ಕೂಗುಡಬ್ಬಿ

ಹತ್ತು ವರ್ಷದವಳಿದ್ದಾಗ ನಾನೊಂದು ಬೆಂಕಿಯನ್ನು ಬರೀ ಗದರಿಸಿ ಆರಿಸಿದ್ದೇನೆ. ಸಣ್ಣಪುಟ್ಟ ಬೆಂಕಿಯಲ್ಲ. ಐದು ಮಹಡಿಯ ಕಟ್ಟಡ, ಒಂದೊಂದು ಕಿಟಕಿಯಿಂದಲೂ ನಾಲಿಗೆ ಚಾಚಿಕೊಂಡು ಉರಿಯುತ್ತಿತ್ತು. ಕೆಳಗೆ ರಸ್ತೆಯಲ್ಲಿ ಅಗ್ನಿಶಾಮಕ ದಳದವರು ಪೈಪು ಹಿಡಿದುಕೊಂಡು ತಲೆ ಕೆರೆಯುತ್ತಾ ನಿಂತಿದ್ದರು. ನಾನು ಸೊಂಟಕ್ಕೆ ಕೈಯಿಟ್ಟು, ಅಮ್ಮ ನನ್ನನ್ನು ನೋಡುವ ಹಾಗೆ ಅದನ್ನು ನೋಡಿ, ಸಾಕು ಮಾಡ್ತೀಯೋ ಇಲ್ವೋ ಅಂತ ಒಂದೇ ಒಂದು ಮಾತು ಕೇಳಿದೆ. ಬೆಂಕಿ ಬಾಲ ಮುದುರಿಕೊಂಡು ಐದೂ ಮಹಡಿಯ ಮೆಟ್ಟಿಲಿಳಿದು ಬಂದು, ಕೆಳಮನೆಯ ಒಲೆಯೊಳಗೆ ಹೋಗಿ ತೆಪ್ಪಗೆ ಕೂತಿತು. ಆ ಮನೆಯವರು ಅದರ ಮೇಲೆಯೇ ಹಾಲು ಕಾಯಿಸಿ ನನಗೆ ಕುಡಿಯಲು ಕೊಟ್ಟರು.

ನಂಬದಿದ್ದರೆ ಬಿಡಿ. ನಮ್ಮ ಮನೆಯಲ್ಲೂ ಯಾರೂ ನಂಬುವುದಿಲ್ಲ. ಮನೆಯಲ್ಲಿ ನನ್ನನ್ನು ಕರೆಯುವುದೇ ರೈಲು ಅಂತ. ಬಾಯಿ ತೆರೆದರೆ ನಾನು ರೈಲು ಬಿಡುತ್ತೇನೆ, ಅದೂ ನಿಲ್ದಾಣದಲ್ಲಿ ನಿಲ್ಲದ ರೈಲು ಎಂಬುದು ಅಜ್ಜಿಯ ಅಭಿಪ್ರಾಯ. ಆದರೆ ಬೆಂಕಿಯಂಥ ಬೆಂಕಿಯನ್ನು ಗದರಿಸುವಷ್ಟು ಧೈರ್ಯ ನನಗೆ ಎಲ್ಲಿಂದ ಬಂತು ಎಂಬುದನ್ನು ಈಗ ಹೇಳುತ್ತೇನೆ ಕೇಳಿ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಅಗ್ನಿಶಾಮಕ ಠಾಣೆಯಿದೆ. ಆ ವರ್ಷ ಬೇಸಿಗೆ ರಜೆಗೆ ಠಾಣೆಯವರೇ ಮಕ್ಕಳಿಗೊಂದು ಶಿಬಿರ ಮಾಡಿದರು. ಅಮ್ಮನದು ಬಟ್ಟೆ ಸರಿಮಾಡಿಕೊಡುವ ಅಂಗಡಿ. ಜಿಪ್ಪು ಹಾಕುವುದು, ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು. ಕೆಳಗೆ ಅಂಗಡಿ, ಮೇಲೆ ಮನೆ. ಅಜ್ಜಿ ಮೇಲಿನ ಕಿಟಕಿಯ ಹತ್ತಿರ ಕೂತು ಗುಂಡಿ ಹಾಕಿಕೊಡುತ್ತಾಳೆ. ರಜೆಯಲ್ಲಿ ನಾನು ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಕಥೆ ಹೇಳುತ್ತಿದ್ದೆ. ಅವರು ಕಥೆ ಕೇಳುತ್ತಾ ಒಂದು ಕಾಲಿನ ಅಳತೆ ಕೊಟ್ಟು ಇನ್ನೊಂದು ಕಾಲಿನದನ್ನು ಮರೆತು ಹೋಗುತ್ತಿದ್ದರು. ಇವಳನ್ನು ಎಲ್ಲಾದರೂ ಹಾಕದಿದ್ದರೆ ಅಂಗಡಿ ಮುಚ್ಚಬೇಕಾಗುತ್ತದೆ ಅಂತ ಅಮ್ಮ ನನ್ನನ್ನು ಠಾಣೆಗೆ ಹಾಕಿದಳು. ಅಲ್ಲಿ ಕೊಟ್ಟ ಅಗ್ನಿಶಾಮಕರ ಕೋಟು ನನ್ನ ಮೊಣಕಾಲು ದಾಟಿ ಇಳಿಯುತ್ತಿತ್ತು. ಅಮ್ಮ ಅದರ ತೋಳನ್ನು ಒಳಗೆ ಮಡಚಿ ದೊಡ್ಡ ದೊಡ್ಡ ಹೊಲಿಗೆ ಹಾಕಿಕೊಟ್ಟಳು.

ನಮಗೆ ಕಲಿಸಲು ಇದ್ದವರು ಏಣಿ ಮಾಮ. ಎಷ್ಟು ಎತ್ತರವೆಂದರೆ, ಬೆಳಿಗ್ಗೆ ಅವರ ತಲೆಗೆ ಬಿಸಿಲು ಬಿದ್ದು ಎಷ್ಟೋ ಹೊತ್ತಾದ ಮೇಲೆ ಕಾಲಿಗೆ ಬೆಳಗಾಗುತ್ತಿತ್ತು. ಶಿಬಿರದಲ್ಲಿ ಎಲ್ಲವನ್ನೂ ಇಬ್ಬಿಬ್ಬರಾಗಿ ಮಾಡಬೇಕು, ಒಬ್ಬರನ್ನೊಬ್ಬರು ಬಿಡಬಾರದು ಎಂದು ಅವರು ನಮ್ಮನ್ನೆಲ್ಲ ಜೋಡಿ ಮಾಡಿದರು. ನನ್ನ ಪಾಲಿಗೆ ಬಂದವನು ಬಿಕ್ಕ.

ಬಿಕ್ಕ ಠಾಣೆಯ ಡ್ರೈವರ್ ಮಗ. ಹೆದರಿದರೆ ಅವನಿಗೆ ಬಿಕ್ಕಳಿಕೆ ಹತ್ತುತ್ತಿತ್ತು. ಅವನು ಹೆದರದೆ ಇದ್ದದ್ದನ್ನು ಯಾರೂ ನೋಡಿರಲಿಲ್ಲ. ಗಂಟೆ ಹೊಡೆದರೆ ಬಿಕ್ಕುವನು, ಪೈಪು ಬಿಚ್ಚಿದರೆ ಬಿಕ್ಕುವನು, ಬಿಸ್ಕತ್ತಿನ ಪೊಟ್ಟಣ ಪಟ್ಟನೆ ಒಡೆದರೂ ಬಿಕ್ಕುವನು. ಯಾರೋ ನೆನೆಸ್ಕೋತಾ ಇದಾರೆ ಕಣೋ ಅಂತ ಎಲ್ಲರೂ ಅವನನ್ನು ಕಾಡುತ್ತಿದ್ದರು. ನನ್ನಂಥ ಧೀರೆಗೆ ಇಂಥ ಜೊತೆಗಾರನೇ ಎಂದು ನಾನು ಏಣಿ ಮಾಮನನ್ನು ಕೇಳಿಯೂ ಕೇಳಿದೆ. ಅವರು ನಕ್ಕು, ನೋಡೋಣ ಅಂದರು.

ಒಂದು ವಿಷಯ ಮಾತ್ರ ನನಗೂ ಬಿಕ್ಕನಿಗೂ ಒಂದೇ ಸಮವಾಗಿ ಬೇಕಾಗಿತ್ತು. ಠಾಣೆಯ ದೊಡ್ಡ ಗಾಡಿಯಲ್ಲಿ ಡ್ರೈವರ್ ಪಕ್ಕಕ್ಕೆ ಒಂದೇ ಒಂದು ಸೀಟು, ಅದರ ಮುಂದೆಯೇ ಸೈರನ್ನಿನ ಗುಂಡಿ. ಕೊನೆಯ ದಿನ ಮಕ್ಕಳನ್ನೆಲ್ಲ ಗಾಡಿ ಹತ್ತಿಸಿ ಬೀದಿ ಸುತ್ತಿಸುತ್ತಾರೆ. ಉಳಿದವರು ಹಿಂದಿನ ಬೆಂಚಿನಲ್ಲಿ. ಹೊಗೆಮನೆಯ ಪರೀಕ್ಷೆಯಲ್ಲಿ ಗೆದ್ದ ಒಬ್ಬರು ಮಾತ್ರ ಆ ಮುಂದಿನ ಸೀಟಿನಲ್ಲಿ ಕೂತು ಸೈರನ್ ಒತ್ತಬಹುದು. ಬಿಕ್ಕ ಹುಟ್ಟಿದಾಗಿನಿಂದ ಆ ಗಾಡಿಯನ್ನು ನೋಡುತ್ತಿದ್ದರೂ ಅಪ್ಪನ ಪಕ್ಕ ಒಂದು ಸಲವೂ ಕೂತಿರಲಿಲ್ಲವಂತೆ. ಮನೆಯವರನ್ನು ಹತ್ತಿಸುವ ಹಾಗಿಲ್ಲ, ಅದು ಠಾಣೆಯ ಕಟ್ಟುನಿಟ್ಟು. ಈ ಒಂದು ದಿನ ಮಾತ್ರ ಯಾರು ಗೆದ್ದರೂ ಹತ್ತಬಹುದು. ಇದನ್ನು ಅವನು ನನಗೆ ಹೇಳುವಷ್ಟರಲ್ಲಿ ಅವನೂ ನಾನೂ ಎರಡು ಪೊಟ್ಟಣ ಬಿಸ್ಕತ್ತು ಮುಗಿಸಿದ್ದೆವು, ಅಷ್ಟು ಬಿಕ್ಕಳಿಕೆ.

ನನಗೆ ಬೇಕಾಗಿದ್ದ ಕಾರಣ ಬೇರೆ. ಆ ಸೀಟಿನಲ್ಲಿ ಕೂತು ನಮ್ಮ ಮನೆಯ ಮುಂದೆ ಸೈರನ್ ಹೊಡೆಯುತ್ತೇನೆ ಅಂತ ನಾನು ಆಗಲೇ ಅಮ್ಮನ ಗಿರಾಕಿಗಳಿಗೆಲ್ಲ ಹೇಳಿಬಿಟ್ಟಿದ್ದೆ. ಗುಂಡಿ ಬಿದ್ದ ಅಂಗಿ ತಂದವರಿಗೂ ಹೇಳಿದ್ದೆ.

ಇನ್ನು ಕೂಗುಡಬ್ಬಿಯ ವಿಷಯ. ಅದರ ಸರಿಯಾದ ಹೆಸರು ಏನೋ ಇದೆ, ನಾವು ಕರೆಯುತ್ತಿದ್ದುದು ಹಾಗೆ. ಅಂಗೈಯಗಲದ ಹಳದಿ ಡಬ್ಬಿ. ಬೆಂಕಿಯೊಳಗೆ ಹೋಗುವವರು ಅದನ್ನು ಎದೆಯ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮನುಷ್ಯ ಅಲುಗಾಡುತ್ತಿರುವವರೆಗೆ ಅದು ಸುಮ್ಮನಿರುತ್ತದೆ. ಅವನು ಬಿದ್ದು, ಸ್ವಲ್ಪ ಹೊತ್ತು ಅಲುಗಾಡದೆ ಇದ್ದರೆ ಮೊದಲು ಟಿಕ್ ಟಿಕ್ ಅನ್ನುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಏಣಿ ಮಾಮ ಅದನ್ನು ಮೇಜಿನ ಮೇಲಿಟ್ಟು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿದರು. ಟಿಕ್ ಟಿಕ್ ಆಯಿತು. ಆಮೇಲೆ ಅದು ಕಿರುಚಿದ್ದಕ್ಕೆ ಠಾಣೆಯ ಗೋಡೆಯ ಸುಣ್ಣ ಉದುರಿತು, ಮೂರು ಬೀದಿಯಾಚೆ ನಾಯಿಗಳು ಮನೆ ಬಿಟ್ಟು ಓಡಿಹೋದವು. ಎಲ್ಲರೂ ಕಿವಿ ಮುಚ್ಚಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂದಿದ್ದು ಧೂಳಿಗೆ. ಏಣಿ ಮಾಮ ಡಬ್ಬಿಯನ್ನು ಎತ್ತಿ ಒಂದು ಸಲ ಅಲ್ಲಾಡಿಸಿದರು. ಅಷ್ಟಕ್ಕೇ ಸುಮ್ಮನಾಯಿತು.

"ಈ ಡಬ್ಬಿ ಕೂಗಿದ್ರೆ, ಕೈಯಲ್ಲಿ ಯಾವ ಕೆಲಸ ಇದ್ರೂ ಬಿಟ್ಟು ಅತ್ತ ಹೋಗ್ಬೇಕು," ಅಂದರು ಅವರು. "ಪರೀಕ್ಷೇಲಿ ಗೊಂಬೆ ಹುಡುಕಿ ತನ್ನಿ ಅಂತೀನಿ. ಆದ್ರೆ ಜೊತೆಗಾರನ ಡಬ್ಬಿ ಕೂಗ್ತು ಅಂದ್ರೆ ಗೊಂಬೇನ ಅಲ್ಲೇ ಬಿಡಿ. ಜೊತೆಗಾರನನ್ನ ಕರ್ಕೊಂಡು ಬಂದೋರಿಗೆ ಮುಂದಿನ ಸೀಟು, ಗೊಂಬೆ ತಂದೋರಿಗೂ ಮೊದಲು."

ಠಾಣೆಯವರಿಗೆ ಈ ಡಬ್ಬಿಯಿಂದ ಒಂದು ವಿಚಿತ್ರ ಅಭ್ಯಾಸವಾಗಿತ್ತು. ಅದನ್ನು ಹಾಕಿಕೊಂಡು ಸುಮ್ಮನೆ ನಿಂತರೂ ಅದು ಟಿಕ್ ಅನ್ನುತ್ತದಲ್ಲ, ಅದಕ್ಕೆ ಅವರೆಲ್ಲ ನಿಂತಲ್ಲೇ ಆಗಾಗ ಸೊಂಟ ತಿರುಗಿಸಿ ಭುಜ ಕುಣಿಸುತ್ತಿದ್ದರು. ಮೀಸೆಯ ಗಂಡಸರು, ಗಂಭೀರವಾಗಿ ಕೆಲಸದ ಮಾತಾಡುತ್ತಾ, ನಡುವೆ ಹೀಗೊಂದು ಸಲ ಬಳುಕುವುದು. ನಾವೂ ಅದನ್ನು ಕಲಿತೆವು. ನಾನು ಮನೆಯಲ್ಲಿ ಅಜ್ಜಿಯ ಮುಂದೆ ನಿಂತು, ಡಬ್ಬಿ ಯಾಕೆ ಕೂಗುತ್ತದೆ, ಹೇಗೆ ಬಳುಕಬೇಕು ಎಂಬುದನ್ನೆಲ್ಲ ಊಟದ ತಟ್ಟೆ ಹಿಡಿದುಕೊಂಡೇ ಕುಣಿದು ತೋರಿಸಿದೆ. ಅಜ್ಜಿ ದಾರ ಕಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಶಿಬಿರದಲ್ಲಿ ಬಳುಕುವ ಗೋಜಿಲ್ಲದವನು ಬಿಕ್ಕ ಒಬ್ಬನೇ. ಅವನ ಬಿಕ್ಕಳಿಕೆಗೆ ಎದೆಯ ಮೇಲಿನ ಡಬ್ಬಿ ತಾನೇ ಹಾರಿ ಹಾರಿ ಬೀಳುತ್ತಿತ್ತು. ನಿನ್ನ ಡಬ್ಬಿಗೆ ಈ ಜನ್ಮದಲ್ಲಿ ಬಾಯಿ ಬರಲ್ಲ ಬಿಡೋ ಅಂತ ನಾವು ನಗುತ್ತಿದ್ದೆವು.

ಒಂದು ದಿನ ಏಣಿ ಮಾಮ ನಮ್ಮೆದುರಿಗೇ ಮುಖವಾಡ ಹಾಕಿಕೊಂಡರು. ಗಾಜಿನ ಮುಖ, ಕೆಳಗೆ ಹಂದಿಯ ಮೂತಿಯಂಥ ಕೊಳವೆ. ಹಾಕಿದ ಕೂಡಲೇ ಅವರು ಏಣಿ ಮಾಮ ಆಗಿ ಉಳಿಯಲಿಲ್ಲ. ಉಸಿರು ಒಳಗೆ ಹೋಗುವಾಗ ಸೂ ಅಂತ ಎಳೆಯುತ್ತಿತ್ತು, ಹೊರಗೆ ಬರುವಾಗ ಹೂ ಅಂತ ಹಲ್ಲು ಕಡಿದ ಹಾಗೆ ಕೇಳಿಸುತ್ತಿತ್ತು. ಆ ಮುಖ ಒಬ್ಬೊಬ್ಬರ ಹತ್ತಿರವೂ ಬಗ್ಗಿತು. ಮುಟ್ಟಿ ನೋಡಿ ಅಂದಿತು. ಧ್ವನಿಯೂ ಅವರದಲ್ಲ. ಮಕ್ಕಳಿಗೆ ಬೆಂಕಿಗಿಂತ ನಮ್ಮನ್ನ ಕಂಡ್ರೇ ಭಯ, ನಾವು ಕಾಪಾಡಕ್ಕೆ ಹೋದ್ರೆ ಮಂಚದ ಕೆಳಗೆ, ಬೀರುವಿನೊಳಗೆ ಸೇರ್ಕೋತಾರೆ, ಕರೆದ್ರೂ ಓ ಅನ್ನಲ್ಲ, ಅದಕ್ಕೇ ಈ ಮುಖಾನ ಈಗಲೇ ಅಭ್ಯಾಸ ಮಾಡ್ಕೊಳ್ಳಿ ಅಂತ ಅದು ಹೇಳಿತು. ನಾನು ಕೈಯೆತ್ತಿ, ಬೀರುವಿನಲ್ಲಿ ಅಡಗುವುದು ದಡ್ಡರು ಮಾತ್ರ, ನಾನಾದರೆ ಆ ಮೂತಿಗೊಂದು ಮುತ್ತು ಕೊಟ್ಟು ಬರುತ್ತೇನೆ ಎಂದೆ. ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ ಮಾತ್ರ ನನಗೆ ಬಾಯಾರಿಕೆಯಾಗಿ, ನೀರು ಕುಡಿಯಲು ಹೋಗಬೇಕಾಯಿತು. ಕಾಕತಾಳೀಯ.

ಆವತ್ತಿನಿಂದ ಮನೆಯಲ್ಲಿ ನಾನು ಬಟ್ಟೆಯ ಬೀರು ತೆಗೆಯುವಾಗ ಅಜ್ಜಿ ಕೋಣೆಯಲ್ಲಿರುವಂತೆ ನೋಡಿಕೊಳ್ಳುತ್ತಿದ್ದೆ. ಅಜ್ಜಿಗೆ ಭಯವಾಗಬಾರದಲ್ಲ, ಅದಕ್ಕೆ.

ಹೊಗೆಮನೆ ಇದ್ದದ್ದು ಠಾಣೆಯ ಹಿಂದೆ. ದೊಡ್ಡವರು ನಿಜವಾದ ಬೆಂಕಿ ಹಾಕಿ ಕಲಿಯುವ ಇಟ್ಟಿಗೆಯ ಮನೆ. ಕಿಟಕಿಗಳಿಗೆ ಕಬ್ಬಿಣದ ಬಾಗಿಲು. ಒಳಗೆ ಒಂದೇ ದೊಡ್ಡ ಕೋಣೆ, ಮೂಲೆಯಲ್ಲಿ ತಾರಸಿಗೆ ಹೋಗುವ ಮೆಟ್ಟಿಲು. ಹಾಸಿಗೆಯಿಲ್ಲದ ಒಂದು ಮಂಚ, ಕಾಲು ಮುರಿದ ಮೇಜು, ಹಳೆಯ ಕೋಟುಗಳನ್ನು ನೇತುಹಾಕಿದ ಒಂದು ಮರದ ಬೀರು. ಗೋಡೆ ಮುಟ್ಟಿದರೆ ಬೆರಳು ಕಪ್ಪಾಗುತ್ತಿತ್ತು. ಹಗಲಿನಲ್ಲಿ ಬಾಗಿಲು ತೆರೆದಿಟ್ಟು ನಮ್ಮನ್ನು ಒಳಗೆ ಓಡಾಡಿಸಿದ್ದರು. ಆಗಲೂ ಅಲ್ಲಿ ಸುಟ್ಟ ವಾಸನೆ ಇತ್ತು. ಎಂದೋ ಉರಿದು ಹೋದದ್ದು ಇನ್ನೂ ಅಲ್ಲೇ ಎಲ್ಲೋ ಕೂತು ನಮ್ಮನ್ನು ನೋಡುತ್ತಿದೆ ಅನ್ನಿಸುವಂಥ ವಾಸನೆ.

ಕೊನೆಯ ದಿನ ಅಮ್ಮ ಅಂಗಡಿ ಮುಚ್ಚಿ ಬಂದಳು. ಅಜ್ಜಿಗೆ ಅಂಗಳದಲ್ಲಿ ಕುರ್ಚಿ ಹಾಕಿದರು. ಅವಳು ಹೊಲಿಯುವ ಬೆರಳಟೋಪಿಯನ್ನು ತೆಗೆಯಲು ಮರೆತು ಹಾಗೆಯೇ ಬಂದಿದ್ದಳು. ಗಾಡಿಯನ್ನು ತೊಳೆದು ಹೊರಗೆ ನಿಲ್ಲಿಸಿ, ಬಿಕ್ಕನ ಅಪ್ಪ ಆಗಲೇ ಸ್ಟೀರಿಂಗ್ ಮುಂದೆ ಕೂತಿದ್ದರು. ಪಕ್ಕದ ಸೀಟು ಖಾಲಿ. ಹೊಗೆಮನೆಯೊಳಗೆ ನಾಟಕದವರು ಬಳಸುವ ಹೊಗೆಯ ಯಂತ್ರ ಇಟ್ಟಿದ್ದರು. ಈ ಹೊಗೆ ಏನೂ ಮಾಡಲ್ಲ, ನಾನೂ ಒಳಗೆ ಮೆಟ್ಟಿಲ ಹತ್ತಿರಾನೇ ಇರ್ತೀನಿ ಅಂತ ಏಣಿ ಮಾಮ ಎಲ್ಲರ ಅಪ್ಪ ಅಮ್ಮಂದಿರಿಗೂ ಹೇಳಿದರು. ನಮ್ಮ ಎದೆಗೆಲ್ಲ ಕೂಗುಡಬ್ಬಿ ಸಿಕ್ಕಿಸಿ, ಸಣ್ಣ ಮುಖವಾಡ ಕೊಟ್ಟರು. ಸಾಲಾಗಿ ನಿಂತು ಎಲ್ಲರೂ ಬಳುಕುತ್ತಿದ್ದೆವು. ಒಂದೊಂದೇ ಜೋಡಿ ಒಳಗೆ ಹೋಗಿ, ಗೊಂಬೆ ಸಿಗದೆ, ಕೆಮ್ಮುತ್ತಾ ಬರಿಗೈಯಲ್ಲಿ ಬಂದವು. ಕೊನೆಯ ಜೋಡಿ ನಮ್ಮದು.

ಈಗ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಾನು ಮುಂದೆ, ಬಿಕ್ಕ ಹಿಂದೆ. ಮೊಣಕಾಲೂರಿ ಒಳಗೆ ಹೋದೆವು. ಬಾಗಿಲು ಮುಚ್ಚಿದರು. ನಾನು ಬಾಣದ ಹಾಗೆ ನುಗ್ಗಿದೆ. ಎಡಗೈ ಗೋಡೆಯ ಮೇಲೆ, ಬಲಗೈಯಲ್ಲಿ ಬಿಕ್ಕನ ಕೈ. ಕಣ್ಣ ಮುಂದೆ ಬೂದುಬಣ್ಣ, ಅದರ ಹಿಂದೆ ಇನ್ನೂ ಬೂದುಬಣ್ಣ. ನನ್ನ ಕೈ ಚಾಚಿದರೆ ಮೊಣಕೈಯವರೆಗೆ ಕಾಣುತ್ತಿತ್ತು, ಅಲ್ಲಿಂದಾಚೆ ಯಾರೋ ಕತ್ತರಿಸಿಕೊಂಡು ಹೋದ ಹಾಗೆ. ಮಂಚದ ಹತ್ತಿರ ಬಂದಾಗ, ಪಾಪ, ಬಿಕ್ಕನಿಗೆ ಭಯ ಹತ್ತಿತು. ಅವನು ನನ್ನ ಕೈ ಬಿಟ್ಟ.

ಅವನನ್ನು ಬೈಯಬೇಡಿ. ಅವನಿಗೆ ಏನು ಕೇಳಿಸಿತೆಂದರೆ, ಆ ಬೂದುಬಣ್ಣದ ಒಳಗಿನಿಂದ ಒಂದು ಉಸಿರು. ಸೂ ಅಂತ ಎಳೆದು, ಹೂ ಅಂತ ಬಿಡುವುದು. ತನ್ನದೇ ಉಸಿರು ಅಂದುಕೊಂಡು ಅವನು ಉಸಿರು ಹಿಡಿದ. ಅದು ನಿಲ್ಲಲಿಲ್ಲ. ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಲಿಲ್ಲ. ಮೊದಲು ಎದುರಿಗೆ, ಆಮೇಲೆ ಬೆನ್ನ ಹಿಂದೆ, ಆಮೇಲೆ ಕಿವಿಯ ಹತ್ತಿರವೇ. ನೆಲದ ಮೇಲೆ ಬೂಟು ಎಳೆದ ಸದ್ದು. ಎಲ್ಲ ಗೊತ್ತಿದ್ದೂ, ಇದು ಏಣಿ ಮಾಮ ಎಂದು ತನಗೆ ತಾನೇ ಹೇಳಿಕೊಂಡರೂ, ಅವನ ಕಾಲು ಆ ಮಾತನ್ನು ಕೇಳಲಿಲ್ಲ. ಹಿಂದಕ್ಕೆ ತೆವಳಿದ. ಬೆನ್ನಿಗೆ ಮರ ತಾಗಿತು. ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಸೇರಿ ಬಾಗಿಲು ಎಳೆದುಕೊಂಡ.

ಒಳಗೆ ಕೋಟುಗಳು. ಬೆವರು, ರಬ್ಬರು, ಹಳೆಯ ಮಸಿಯ ವಾಸನೆ. ಒಂದು ಕೋಟಿನ ತೋಳು ಅವನ ಹೆಗಲ ಮೇಲೆ ಬಿತ್ತು. ಒಳಗೆ ಕೈಯಿಲ್ಲದ ತೋಳು ಅಂತ ಗೊತ್ತು. ಆದರೂ ಅದನ್ನು ತೆಗೆದು ಹಾಕಲು ಆಗಲಿಲ್ಲ, ಯಾಕೆಂದರೆ ತೆಗೆಯುವಾಗ ಒಳಗೆ ಕೈ ಸಿಕ್ಕಿದರೆ. ನೇತುಹಾಕಿದ ಕೊಂಡಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಅಂದವು. ಅದೂ ಕೇಳಿಸಬಾರದು ಎಂದು ಅವನು ತಲೆಯೆತ್ತಲಿಲ್ಲ. ಮೊಣಕಾಲನ್ನು ಗಲ್ಲಕ್ಕೆ ಒತ್ತಿ, ಬೆರಳುಗಳನ್ನು ಒಂದರೊಳಗೊಂದು ಸಿಕ್ಕಿಸಿ, ಗೂಡಿನಲ್ಲಿಟ್ಟ ವಸ್ತುವಿನ ಹಾಗೆ ಆದ. ಬಾಗಿಲ ಸಂದಿಯಿಂದ ಹೊಗೆ ಒಂದು ಎಳೆ ಒಳಗೆ ಬಂದು, ಮುಖವಾಡದ ಗಾಜನ್ನು ಮೂಸಿ ನೋಡಿತು.

ಇಷ್ಟೆಲ್ಲ ನಿನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಧೈರ್ಯವಂತರಿಗೆ ಇನ್ನೊಬ್ಬರ ಮನಸ್ಸು ಹೊರಗಿನಿಂದಲೇ ತಿಳಿಯುತ್ತದೆ.

ಅಷ್ಟರಲ್ಲಿ ನಾನು ಏನು ಮಾಡುತ್ತಿದ್ದೆ? ಗೊಂಬೆ ಹುಡುಕುತ್ತಿದ್ದೆ. ಮುರಿದ ಮೇಜಿನ ಕೆಳಗೆ, ಗೋಡೆಗೆ ಅಂಟಿಕೊಂಡು ಮಲಗಿತ್ತು. ಮರಳು ತುಂಬಿದ ಗೊಂಬೆ, ಆನೆಯಷ್ಟು ಭಾರ. ಒಂದೇ ಕೈಯಲ್ಲಿ ಎತ್ತಿದೆ. ಬಾಗಿಲ ಕಡೆ ತಿರುಗಿದ್ದೂ ಆಯಿತು. ಆಗ ಟಿಕ್ ಟಿಕ್ ಅಂತ ಕೇಳಿಸಿತು. ಅದಾದ ಮೇಲೆ ಕೂಗು. ಹೊಗೆಮನೆಯ ಇಟ್ಟಿಗೆಗಳೆಲ್ಲ ಕಿತ್ತು ಒಂದು ಸುತ್ತು ಹಾಕಿ ಮತ್ತೆ ಬಂದು ಕೂತವು. ನಾನು ಗೊಂಬೆಯನ್ನು ಅಲ್ಲೇ ಇಳಿಸಿ, ಬಿಕ್ಕನ ಬಿಕ್ಕಳಿಕೆ ಕೇಳಿಸಿದ ಕಡೆಗೇ ತೆವಳಿ ಹೋಗಿ, ಬೀರು ತೆರೆದು, ಅವನ ಕೈ ಹಿಡಿದು, ಬಿಸಿಲಿಗೆ ಕರೆದುಕೊಂಡು ಬಂದೆ.

ಅಂಗಳದಲ್ಲಿ ಎಲ್ಲರಿಗೂ ನಾನು ಹೇಳಿದ್ದೂ ಇದೇ. ಆನೆ, ಇಟ್ಟಿಗೆ ಎಲ್ಲ ಸೇರಿಸಿ ಹೇಳಿದೆ. ಏಣಿ ಮಾಮ ಹಿಂದೆಯೇ ಹೊರಗೆ ಬಂದು ಮುಖವಾಡ ತೆಗೆದರು. ಹೊಗೆಯಲ್ಲಿ ಅವರಿಗೂ ಕೂಗು ಕೇಳಿಸಿತ್ತೇ ಹೊರತು ಮುಖ ಕಂಡಿರಲಿಲ್ಲ.

"ಯಾರ ಡಬ್ಬಿ ಕೂಗಿದ್ದು?" ಅಂತ ಅವರು ಕೇಳಿದರು.

"ಇವನದು," ಅಂದೆ ನಾನು.

ಅವರು ಬಿಕ್ಕನನ್ನು ನೋಡಿದರು. ಬಿಕ್ಕ ನನ್ನನ್ನು ನೋಡಿದ. ಆಮೇಲೆ ಕುರ್ಚಿಯ ತುದಿಗೆ ಬಂದು ಕೂತಿದ್ದ ನನ್ನ ಅಜ್ಜಿಯನ್ನು ನೋಡಿದ. ಗಾಡಿಯ ಕಡೆ ನೋಡಲಿಲ್ಲ.

"ಹ್ಞೂಂ," ಅಂದ. "ನಂದೇ." ಮತ್ತೆ ಒಂದು ಬಿಕ್ಕು.

ಬಿಕ್ಕನ ಅಪ್ಪ ಗಾಡಿಯೊಳಗಿನಿಂದ ಎಲ್ಲ ಕೇಳಿಸಿಕೊಂಡರು. ಬಟ್ಟೆ ತೆಗೆದುಕೊಂಡು, ಆಗಲೇ ಹೊಳೆಯುತ್ತಿದ್ದ ಗಾಜನ್ನು ಮತ್ತೊಮ್ಮೆ ಒರೆಸಿದರು. ಖಾಲಿ ಸೀಟಿನ ಕಡೆಯ ಗಾಜು.

ಹಾಗಾದರೆ ಸೀಟು ಇವಳದೇ ಎಂದರು ಏಣಿ ಮಾಮ. ಎಲ್ಲರೂ ಚಪ್ಪಾಳೆ ಹೊಡೆದರು. ಅಮ್ಮನ ಗಿರಾಕಿಗಳಲ್ಲಿ ಇಬ್ಬರು ಮೂವರು ಗೇಟಿನ ಹತ್ತಿರ ನಿಂತಿದ್ದರು, ಅವರೂ ಹೊಡೆದರು. ನಾನು ಗಾಡಿಯ ಮೆಟ್ಟಿಲು ಹತ್ತಿ ಬಾಗಿಲ ಹಿಡಿಗೆ ಕೈ ಹಾಕಿದೆ. ಅದು ತಣ್ಣಗಿತ್ತು.

"ಒಂದ್ನಿಮಿಷ ಇರು ರೈಲು," ಅಂದಳು ಅಜ್ಜಿ.

ಅವಳು ಎದ್ದು ಬರಲಿಲ್ಲ, ಧ್ವನಿಯನ್ನೂ ಎತ್ತಲಿಲ್ಲ. ಗುಂಡಿ ಯಾವ ಬಣ್ಣದ್ದು ಹಾಕಲಿ ಎಂದು ಕೇಳುವ ಹಾಗೆ ಕೇಳಿದಳು.

"ಅಲ್ಲಾಡ್ತಾ ಇದ್ರೆ ಆ ಡಬ್ಬಿ ಕೂಗಲ್ಲ ಅಂತ ನೀನೇ ತಾನೆ ನನಗೆ ಕುಣಿದು ತೋರಿಸಿದ್ದು?"

ಹೌದು ಅಂದೆ.

"ಒಂದು ಚೂರು ಅಲ್ಲಾಡಿದ್ರೂ?"

ಒಂದು ಚೂರು ಅಲ್ಲಾಡಿದ್ರೂ ಅಂದೆ.

"ನೀನು ಇವನ ಬಿಕ್ಕಳಿಕೆ ಕೇಳಿಸ್ಕೊಂಡು ಅತ್ತ ಹೋದೆ ಅಂದೆ."

ಅಷ್ಟರಲ್ಲಿ ಬಿಕ್ಕನಿಗೆ ಇನ್ನೊಂದು ಬಿಕ್ಕಳಿಕೆ ಬಂತು. ಅವನ ಎದೆಯ ಮೇಲೆ ಹಳದಿ ಡಬ್ಬಿ ಎಗರಿ ಬಿತ್ತು. ಅಂಗಳದಲ್ಲಿದ್ದವರೆಲ್ಲ ಅದನ್ನೇ ನೋಡಿದರು.

"ಹಾಗಾದ್ರೆ ಈ ಮಗೂದು ಹೇಗಮ್ಮ ಕೂಗ್ತು?"

ಏಣಿ ಮಾಮ ಹಣೆ ಉಜ್ಜಿಕೊಂಡರು. ಅಮ್ಮ ನೆಲ ನೋಡಿದಳು. ಶಿಬಿರದ ಮಕ್ಕಳಲ್ಲಿ ಯಾರೋ ಒಬ್ಬರು ಕಿಸಕ್ ಅಂದರು. ಒಳಗೆ ಅವನ ಬಿಕ್ಕಳಿಕೆ ನಿಂತುಹೋಗಿತ್ತು ಅಂತ ನಾನು ಅನ್ನಬಹುದಿತ್ತು. ಅವನು ಡಬ್ಬಿಯನ್ನು ಬಿಚ್ಚಿ ನೆಲದ ಮೇಲೆ ಇಟ್ಟಿದ್ದ ಅನ್ನಬಹುದಿತ್ತು. ಹೊಗೆಗೆ ಡಬ್ಬಿ ಕೆಟ್ಟಿತ್ತು ಅಂತಲೂ ಹೇಳಬಹುದಿತ್ತು. ನನಗೆ ಮೂರೂ ಒಂದೇ ಸಲ ಹೊಳೆದವು, ನಾನು ಸಾಮಾನ್ಯಳಲ್ಲ. ಆದರೆ ಬಿಕ್ಕ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ತನ್ನ ಡಬ್ಬಿಯನ್ನು ಅದುಮಿ ಹಿಡಿದುಕೊಂಡಿದ್ದ. ಅದು ಅಲ್ಲಾಡಬಾರದು ಅಂತ. ಅಲ್ಲಾಡಿದರೆ ನನ್ನ ಗುಟ್ಟು ಹೊರಗೆ ಬರುತ್ತದೆ ಅಂತ. ಉಸಿರು ಬಿಗಿಹಿಡಿದು ಅವನ ಕಿವಿಯೆಲ್ಲ ಕೆಂಪಾಗಿತ್ತು.

ನಾನು ಮೆಟ್ಟಿಲಿಂದ ಇಳಿದೆ.

"ಕೂಗಿದ್ದು ನಂದು," ಅಂದೆ. "ಬೀರುವಿನಲ್ಲಿದ್ದವಳು ನಾನು."

ಬೇರೆಯವರು ಏನಂದರೋ ನನಗೆ ಕೇಳಿಸಲಿಲ್ಲ. ಏಣಿ ಮಾಮ ಬಿಕ್ಕನ ಕಂಕುಳಿಗೆ ಕೈ ಹಾಕಿ ಒಂದೇ ಸಲಕ್ಕೆ ಎತ್ತಿ ಸೀಟಿನಲ್ಲಿ ಕೂರಿಸಿದರು. ಅವನ ಕೋಟಿನ ಕಾಲರು ಒಳಗೆ ಮಡಚಿಕೊಂಡಿತ್ತು, ಅಪ್ಪ ಅದನ್ನು ಹೊರಗೆ ತೆಗೆದು ನೆಟ್ಟಗೆ ಮಾಡಿದರು. ಸೈರನ್ನಿನ ಗುಂಡಿ ತೋರಿಸಿದರು. ಬಿಕ್ಕ ಅಪ್ಪನ ಪಕ್ಕದಲ್ಲಿ ಕೂತು ಗುಂಡಿಯ ಮೇಲೆ ಬೆರಳಿಟ್ಟ. ನಾನು ಅವನ ಮುಂದಿನ ಬಿಕ್ಕಳಿಕೆಗೆ ಕಾದೆ. ಅದು ಬರಲೇ ಇಲ್ಲ.

ನಾನು ಹಿಂದಿನ ಬೆಂಚಿಗೆ ಹೋಗಲ್ಲ ಅಂದೆ. ಗಾಡಿ ನಮ್ಮನ್ನು ಬಿಟ್ಟು ಹೊರಟಿತು. ಸೈರನ್ ಬೀದಿಯುದ್ದಕ್ಕೂ, ನಮ್ಮ ಅಂಗಡಿಯ ಮುಂದೆಯೂ ಕೂಗಿಕೊಂಡು ಹೋಯಿತು. ಅಜ್ಜಿ ಕುರ್ಚಿಯಲ್ಲಿ ಸರಿದು ನನಗೆ ಅರ್ಧ ಜಾಗ ಕೊಟ್ಟಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬೆರಳಟೋಪಿಯ ಬೆರಳಿನಿಂದ ನನ್ನ ಮೂಗಿನ ಮೇಲಿದ್ದ ಮಸಿ ಒರೆಸಿ, ತುಂಬ ಹೆದರಿಕೆ ಆಯ್ತಾ ಅಂತ ಮಾತ್ರ ಕೇಳಿದಳು.

ಆಗ ಹೇಳಿದೆ. ಮಂಚದ ಹತ್ತಿರ ಕೈ ಬಿಟ್ಟವಳು ನಾನು. ಗೊಂಬೆ ಸಿಕ್ಕಿದ್ದು ಅವನಿಗೆ, ಬಾಗಿಲವರೆಗೆ ಎಳೆದುಕೊಂಡು ಹೋಗಿದ್ದವನೂ ಅವನೇ. ಆ ಉಸಿರು ಏಣಿ ಮಾಮನದು ಅಂತ ಗೊತ್ತಿತ್ತು, ಗೊತ್ತಿದ್ದೂ ಓಡಿದೆ. ಬೆಂಕಿಯನ್ನು ಗದರಿಸುವ ಮಾತು ಹಾಗಿರಲಿ, ಆ ಶಿಬಿರದಲ್ಲಿ ನಾನು ಕಡ್ಡಿ ಗೀರಿದಷ್ಟು ಬೆಂಕಿಯನ್ನೂ ನೋಡಲಿಲ್ಲ. ಇದೆಲ್ಲ ಹೇಳುವುದು ಸುಲಭವಾಗಿತ್ತು. ಉಳಿದ ಒಂದು ಮಾತು ಮಾತ್ರ ಕಷ್ಟದ್ದು.

"ಬೀರುವಿನೊಳಗೆ ನಿನ್ನ ಕರೆಯೋಣ ಅಂತ ಬಾಯಿ ತೆಗೆದೆ ಅಜ್ಜಿ," ಅಂದೆ. "ಅಮ್ಮನ್ನ, ಏಣಿ ಮಾಮನ್ನ, ಯಾರನ್ನಾದ್ರೂ. ಮಾತೇ ಬರ್ಲಿಲ್ಲ. ಒಂದೂ ಬರ್ಲಿಲ್ಲ. ಆಮೇಲೆ ಡಬ್ಬಿ ಟಿಕ್ ಟಿಕ್ ಅಂತು."

"ಅಲ್ಲಾಡಿಸಿದ್ರೆ ಸುಮ್ನಾಗ್ತಿತ್ತಲ್ಲ."

"ಗೊತ್ತಿತ್ತು. ಒಂದ್ಸಲ ಭುಜ ಎತ್ತಕ್ಕೂ ಹೋದೆ. ಆಮೇಲೆ ಅಲ್ಲಿ ಕೂಗಕ್ಕೆ ಆಗೋದು ಅದೊಂದಕ್ಕೇ ಅನ್ನಿಸ್ತು. ಬಿಕ್ಕ ಬರ್ಲಿ, ಬಿಕ್ಕ ಬರ್ಲಿ ಅಂತ ಅವನನ್ನೇ ನೆನೆಸ್ಕೋತಾ ಕೂತೆ. ಹೊಗೇಲಿ ಒಂದು ಬಿಕ್ಕು ಕೇಳಿಸ್ತು. ಇನ್ನೂ ಹತ್ತಿರ ಇನ್ನೊಂದು ಕೇಳಿಸ್ತು. ಆದ್ರೂ ನಾನು ಹಂದಾಡ್ಲಿಲ್ಲ, ಅವನ ಕೈ ನನ್ನ ಕೈಗೆ ಸಿಗೋವರೆಗೂ. ಡಬ್ಬಿ ಎಲ್ಲಿ ಕೂಗೋದು ನಿಲ್ಲಿಸಿಬಿಡುತ್ತೋ ಅಂತ."